ವರ್ಷಗಟ್ಟಲೆ ನಿಂತ ಹೋಂಡಾ ಎಕ್ಸ್‌ಆರ್ 600ಆರ್: ಕಿಕ್ ಹೊಡೆಯುವ ಮುಂಚೆ ಏನೇನು ನೋಡಬೇಕು?

ಕೆಸರುಗಾಲಿ:
ಗಾಡಿ 1993ರ ಎಕ್ಸ್‌ಆರ್ 600ಆರ್, ಹೋಂಡಾದ ಮಣ್ಣುದಾರಿ ಬೈಕ್. ಏಳೆಂಟು ವರ್ಷ ಶೆಡ್ಡಿನಲ್ಲೇ ನಿಂತಿದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಹಳೇ ಪೆಟ್ರೋಲ್ ಇದೆ, ವಾಸನೆ ವಾರ್ನಿಶ್ ತರ. ಕಿಕ್ಕರ್ ತುಳಿದರೆ ಎಂಜಿನ್ ತಿರುಗುತ್ತೆ, ಜಾಮ್ ಆಗಿಲ್ಲ. ಆದರೆ ಕಂಪ್ರೆಷನ್ ಇದೆಯೋ ಇಲ್ಲವೋ ಅನ್ನುವಷ್ಟು ಕಮ್ಮಿ, ಕಾಲಿಗೆ ಭಾರವೇ ಸಿಗಲ್ಲ. ಪಿಸ್ಟನ್ ರಿಂಗ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸಬೇಕು ಅಂತಿದ್ದಾರೆ. ಹೊಸ ಪ್ಲಗ್, ಹೊಸ ಪೆಟ್ರೋಲ್ ಹಾಕಿ ಒಂದು ಸಲ ಕಿಕ್ ಹೊಡೆದು ನೋಡಲಾ, ಇಲ್ಲಾ ನೇರ ಬಿಚ್ಚೋದೇ ಸರಿನಾ?

ಟ್ಯಾಪೆಟ್ ಸದ್ದು:
ಎರಡೂ ಈಗಲೇ ಬೇಡ. ಕಿಕ್ಕೂ ಬೇಡ, ಬೋರೂ ಬೇಡ.

ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಇರೋದು ಕೆಳಗಿನ ಚೇಂಬರಿನಲ್ಲಲ್ಲ, ಫ್ರೇಮಿನ ಮುಂದಿನ ಕೊಳವೆಯಲ್ಲಿ. ವರ್ಷಗಟ್ಟಲೆ ನಿಂತಾಗ ಅದು ನಿಧಾನಕ್ಕೆ ಸೋರಿ ಕ್ರ್ಯಾಂಕ್ ಕೇಸಿಗೆ ಇಳಿದಿರುತ್ತೆ. ಮೇಲೆ ವಾಲ್ವ್ ತೆರೆಯುವ ಕ್ಯಾಮ್, ರಾಕರ್ ಪೂರ್ತಿ ಒಣಗಿರುತ್ತವೆ. ಅಂಥ ಸ್ಥಿತಿಯಲ್ಲಿ ಎಂಜಿನ್ ಹತ್ತಿಕೊಂಡು ಅರ್ಧ ನಿಮಿಷ ಓಡಿದರೂ ಕ್ಯಾಮಿನ ಮೇಲೆ ಗೀರು ಬೀಳುತ್ತೆ. ಗಾಡಿ ಹತ್ತಿಕೊಂಡಿತು ಅನ್ನುವ ಖುಷಿಯಲ್ಲಿ ಎಂಜಿನ್ ಹಾಳಾಗೋದು ಹೀಗೆ.

ಕಂಪ್ರೆಷನ್ ವಿಷಯಕ್ಕೆ ಬಂದರೆ, ಈ ಗಾಡಿಯಲ್ಲಿ ರಿಂಗನ್ನು ಅನುಮಾನಿಸೋದು ಕಟ್ಟಕಡೆಗೆ. ಮೊದಲ ಅನುಮಾನ ಡಿಕಂಪ್ರೆಸರ್ ಕೇಬಲ್ ಮೇಲೆ, ಅಂದರೆ ಕಿಕ್ ಹಗುರಾಗಲಿ ಅಂತ ಸಿಲಿಂಡರಿನ ಒತ್ತಡ ಬಿಡಿಸುವ ಕೇಬಲ್. ಎಕ್ಸ್‌ಆರ್ 600ಆರ್‌ಗೆ ಎರಡು ಕೇಬಲ್ ಇವೆ: ಒಂದು ಹ್ಯಾಂಡಲ್ ಮೇಲಿನ ಲಿವರಿನಿಂದ, ಇನ್ನೊಂದು ಕಿಕ್ಕರ್ ಜೊತೆ ತಾನಾಗಿ ಎಳೆಯುವುದು. ಎರಡರ ಕೆಲಸವೂ ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಹಿಡಿಯೋದೇ. ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅಥವಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ. ಎರಡನೆಯ ಅನುಮಾನ ಟ್ಯಾಪೆಟ್ ಬಿಗಿ, ಅಂದರೆ ರಾಕರಿಗೂ ವಾಲ್ವಿಗೂ ನಡುವೆ ಇರಬೇಕಾದ ಸಂದು ಉಳಿದಿಲ್ಲ ಅಂತ. ಮೂರನೆಯದು ವಾಲ್ವ್ ಸೀಟಿನ ಮೇಲೆ ತುಕ್ಕು. ರಿಂಗ್ ಆಮೇಲೆ.

ಕಂಪ್ರೆಷನ್ ಗೇಜ್ ಹಾಕಿ ನೋಡುವವರೂ ಇಲ್ಲೇ ಎಡವೋದು. ಕಿಕ್ಕರ್ ಕೇಬಲ್ ಬಿಚ್ಚದೆ ಅಳೆದರೆ ಒಳ್ಳೇ ಎಂಜಿನ್ ಕೂಡ ಕಮ್ಮಿ ತೋರಿಸುತ್ತೆ, ಯಾಕೆಂದರೆ ಕಿಕ್ ಹೊಡೆದಾಗಲೆಲ್ಲ ಆ ಕೇಬಲ್ ವಾಲ್ವ್ ತೆರೀತಿರುತ್ತೆ. ಮೊದಲು ಆ ಕೇಬಲ್ ಕಳಚಿ, ಕೈ ಲಿವರಿನ ಕೇಬಲ್ಲಿಗೆ ಸಡಿಲ ಇದೆಯಾ ನೋಡಿ, ಆಮೇಲೆ ಥ್ರಾಟಲ್ ಪೂರ್ತಿ ತೆರೆದಿಟ್ಟು ಅಳೆಯಿರಿ. ಕಮ್ಮಿ ಬಂದರೆ ಪ್ಲಗ್ ತೂತಿನಿಂದ 5 ಮಿ.ಲೀ. ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಈಗ ಜಾಸ್ತಿ ಆದರೆ ರಿಂಗ್, ಹಾಗೇ ಇದ್ದರೆ ವಾಲ್ವ್.

ಹಳೇ ಕೈ:
ಡ್ರೈನ್ ಬೋಲ್ಟ್ ಬಿಚ್ಚಿ, ಒಂದು ಲೀಟರ್ ಡೀಸೆಲ್ ಹಾಕಿ ಹತ್ತಿಪ್ಪತ್ತು ಕಿಕ್ ಹೊಡೆದು ಒಳಗೆಲ್ಲ ತೊಳೆದುಬಿಡಿ. ಹಳೇ ಕೊಳೆ ಎಲ್ಲ ಹೋಗುತ್ತೆ.

ಟ್ಯಾಪೆಟ್ ಸದ್ದು:
ಅಣ್ಣಾ, ಈ ಎಂಜಿನ್ನಿಗೆ ಅದು ಬೇಡ. ಡೀಸೆಲ್ ಎಲ್ಲಾ ವಾಪಸ್ ಬರಲ್ಲ. ಪೈಪ್, ಫಿಲ್ಟರ್ ಕೋಣೆ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಉಳಿದು ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತೆ. ಅಲ್ಲದೆ ಕೊಳೆ ಕರಗಿಸೋದಕ್ಕಿಂತ ಅದು ಎಲ್ಲಿಗೆ ಹೋಗಿ ಕೂರುತ್ತೆ ಅನ್ನೋದು ಮುಖ್ಯ. ಹೀಗೆ ಮಾಡಿ:

ಡ್ರೈನ್ ಎರಡು ಕಡೆ ಇದೆ, ಫ್ರೇಮ್ ಕೊಳವೆಯ ಕೆಳಗೊಂದು, ಕ್ರ್ಯಾಂಕ್ ಕೇಸಿನ ಕೆಳಗೊಂದು. ಎರಡೂ ಬಿಚ್ಚಬೇಕು. ಒಂದೇ ಬಿಚ್ಚಿದರೆ ಅರ್ಧ ಹಳೇ ಆಯಿಲ್ ಒಳಗೇ ಇರುತ್ತೆ, ಮೇಲೆ ಪೂರ್ತಿ ಅಳತೆ ಸುರಿದರೆ ಓವರ್‌ಫಿಲ್. ಫ್ರೇಮ್ ಕೊಳವೆಯ ತಳದಲ್ಲಿ, ಆಯಿಲ್ ಪೈಪ್ ಕೂಡುವ ಜಾಗದಲ್ಲಿ ಒಂದು ಜಾಲರಿ ಇದೆ. ಬಹಳ ಗಾಡಿಗಳಲ್ಲಿ ಅದನ್ನು ಯಾರೂ ಒಮ್ಮೆಯೂ ಬಿಚ್ಚಿರಲ್ಲ. ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಜಾಲರಿಯಲ್ಲಿ ಕಪ್ಪು ಮೆತ್ತನೆ ಕೆಸರು ಸಿಕ್ಕರೆ ಪರವಾಗಿಲ್ಲ. ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರು ಸಿಕ್ಕರೆ ಮುಂದೆ ಹೋಗದೆ ಸೈಡ್ ಕವರ್ ಬಿಚ್ಚಿ ನೋಡಬೇಕು.

ಹೊಸ ಫಿಲ್ಟರ್, ಹೊಸ ಆಯಿಲ್. ಡಬ್ಬದ ಮೇಲೆ ಜಾಸೊ ಎಂಎ (ಬೈಕ್ ಕ್ಲಚ್ಚಿಗೆ ಹೊಂದುವ ಆಯಿಲಿನ ದರ್ಜೆ) ಅಂತ ಇರಲೇಬೇಕು, ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತೆ. ಕಾರಿನ ಆಯಿಲ್ ಹಾಕಿದರೆ ಜಾರುವ ಸಾಧ್ಯತೆ ಹೆಚ್ಚು. ಪ್ಲಗ್ ತೂತಿಗೆ 5ರಿಂದ 10 ಮಿ.ಲೀ. ಆಯಿಲ್ ಬಿಡಿ. ಟ್ಯಾಪೆಟ್ ಮುಚ್ಚಳಗಳನ್ನು ತೆಗೆದು ರಾಕರ್, ಕ್ಯಾಮ್ ಮೇಲೂ ಆಯಿಲ್ ಕ್ಯಾನಿನಿಂದ ಧಾರಾಳವಾಗಿ ಹಾಕಿ. ಪ್ಲಗ್ ಇಲ್ಲದೆಯೇ, ಇಗ್ನಿಷನ್ ಆಫ್ ಮಾಡಿ, ನಿಧಾನಕ್ಕೆ ಮೂವತ್ತು ನಲವತ್ತು ಸಲ ಕಿಕ್ಕರ್ ಒತ್ತಿ. ರಾಕರ್ ಹತ್ತಿರ ಹೊಸ ಆಯಿಲ್ ಒಸರೋದು ಕಣ್ಣಿಗೆ ಕಾಣಬೇಕು. ಅದು ಕಾಣೋವರೆಗೆ ಪ್ಲಗ್ ಹಾಕಬೇಡಿ. ಹತ್ತಿಕೊಂಡ ಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಆ ಆಯಿಲ್ ಇಳಿಸಿ ಮತ್ತೆ ಹೊಸದು. ತೊಳೆಯೋದು ಅಂದರೆ ಅದೇ.

ಕೆಸರುಗಾಲಿ:
ಸರ್, ಕೇಬಲ್ ನೋಡಿದೆ. ಕೈ ಲಿವರಿನಲ್ಲಿ ಒಂಚೂರೂ ಸಡಿಲ ಇರಲಿಲ್ಲ. ಕಿಕ್ಕರ್ ಕೇಬಲ್ ಹೊರಕವಚ ಒಡೆದು ಒಳಗೆ ತುಕ್ಕು. ಎರಡೂ ಕಳಚಿದ ಮೇಲೆ ಕಿಕ್ಕರ್ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತೆ. ಟ್ಯಾಪೆಟ್ ಎಷ್ಟಿಡಬೇಕು?

ಟ್ಯಾಪೆಟ್ ಸದ್ದು:
ಬೋರಿನ ಖರ್ಚು ಉಳಿಯಿತು ನೋಡಿ.

ಇನ್‌ಟೇಕ್ 0.10, ಎಕ್ಸಾಸ್ಟ್ 0.12 ಮಿ.ಮೀ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತದ್ದಾದರೆ ಒಳ್ಳೇದು. ಎಡಗಡೆ ಕವರಿನ ಎರಡು ಮುಚ್ಚಳ ತೆಗೆದು ಕ್ರ್ಯಾಂಕನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗ ಟಿ ಗುರುತು ಕಾಣುತ್ತೆ, ಇನ್‌ಟೇಕ್ ವಾಲ್ವ್ ತೆರೆದು ಮುಚ್ಚಿಕೊಂಡ ನಂತರ ಬರುವ ಟಿ ಗುರುತೇ ಬೇಕಾದ್ದು. ಆಗ ನಾಲ್ಕೂ ರಾಕರ್ ಬೆರಳಿಗೆ ಲೊಟಲೊಟ ಅನ್ನಬೇಕು. ಎಕ್ಸಾಸ್ಟ್ ಬಿಗಿ ಇದ್ದರೆ ನೀವು ಒಂದು ಸುತ್ತು ಮುಂಚೆ ನಿಂತಿದ್ದೀರಿ, ಇಲ್ಲಾ ಡಿಕಂಪ್ರೆಸರ್ ಇನ್ನೂ ಎಳೆದಿದೆ.

ಸಂದು ಅಳೆಯುವ ಗೇಜ್ ಪಟ್ಟಿ ಜಾರುವಾಗ ಬೆಣ್ಣೆಯೊಳಗೆ ಚಾಕು ಎಳೆದ ಹಾಗೆ ಹಿತವಾದ ಹಿಡಿತ ಸಿಗಬೇಕು. ಲಾಕ್ ನಟ್ಟು ಬಿಗಿದಾಗ ಸ್ಕ್ರೂ ಜೊತೆಗೇ ಸ್ವಲ್ಪ ತಿರುಗಿಬಿಡುತ್ತೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯೋದು ಕಡ್ಡಾಯ. ಎಕ್ಸಾಸ್ಟಿಗೆ 0.12 ಪಟ್ಟಿ ಹೋಗಬೇಕು, 0.15 ಹೋಗಬಾರದು, ಇದು ಸುಲಭದ ಪರೀಕ್ಷೆ. ಸಂಶಯ ಬಂದರೆ ಸಡಿಲದ ಕಡೆಗಿರಲಿ. ಸಡಿಲ ಟ್ಯಾಪೆಟ್ ಸದ್ದು ಮಾಡಿ ಹೇಳುತ್ತೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತೆ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡೋದು ಸೀಟಿಗೆ ಒತ್ತಿ ಕೂತಾಗ ಮಾತ್ರ.

ಡಿಕಂಪ್ರೆಸರ್ ಹೊಂದಿಸೋದು ಟ್ಯಾಪೆಟ್ ಆದ ಮೇಲೆ, ಮೊದಲಲ್ಲ. ಟ್ಯಾಪೆಟ್ ಬದಲಾದರೆ ಕೇಬಲ್ಲಿನ ಸಡಿಲವೂ ಬದಲಾಗುತ್ತೆ.

ಪೈಲಟ್ ಜೆಟ್:
ಕಾರ್ಬುರೇಟರ್ ಬಗ್ಗೆ ನಾನು ಹೇಳ್ತೀನಿ. ವಾರ್ನಿಶ್ ವಾಸನೆ ಅಂದಿರಲ್ಲ, ಅಲ್ಲಿಗೆ ಪೈಲಟ್ ಜೆಟ್, ಅಂದರೆ ಐಡಲಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿದೆ ಅಂತಲೇ ಇಟ್ಟುಕೊಳ್ಳಿ. ಕೈಹಿನ್ ಕಂಪನಿಯ ಪೈಲಟ್ ಜೆಟ್ ಮೇಲೆ 45 ಅಂತಿದ್ದರೆ ತೂತು 0.45 ಮಿ.ಮೀ. ಅಷ್ಟು ಸಣ್ಣ ತೂತನ್ನು ಒಣಗಿದ ಪೆಟ್ರೋಲಿನ ಒಂದು ಪದರ ಅರ್ಧ ಮುಚ್ಚಿದರೂ ಸಾಕು, ಚೋಕ್ ಎಳೆದಾಗ ಹತ್ತಿಕೊಳ್ಳುತ್ತೆ, ಚೋಕ್ ಬಿಟ್ಟ ತಕ್ಷಣ ಆರುತ್ತೆ. ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ, ಅಂಚು ಚೂಪಾಗಿ ಕಾಣಬೇಕು. ಕಣ್ಣೀರಿನ ಹನಿ ತರ ಕಂಡರೆ ಇನ್ನೂ ಕೊಳೆ ಇದೆ. ಉಕ್ಕಿನ ತಂತಿ, ಸೂಜಿ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ತೂತು ಅಗಲವಾದರೆ ಜೆಟ್ ಎಸೆಯಬೇಕು. ಕಾರ್ಬ್ ಕ್ಲೀನರಿನಲ್ಲಿ ರಾತ್ರಿ ನೆನೆಸಿ, ಗಾಳಿ ಹೊಡೆಯಿರಿ. ಬಿಡದಿದ್ದರೆ ಹಲ್ಲುಜ್ಜುವ ಬ್ರಷ್ಷಿನ ಒಂದು ನೈಲಾನ್ ಕೂದಲು ಸಾಕು.

ಜೆಟ್ ತೊಳೆದು ಬಾಡಿ ಮರೆಯುವವರು ಜಾಸ್ತಿ. ಫ್ಯೂಯಲ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಒಳಗೆ ಮೆತ್ತಗೆ ತಾಗುವವರೆಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಬರೆದಿಟ್ಟುಕೊಳ್ಳಿ. ಆಮೇಲೆ ಬಿಚ್ಚಿ. ಸ್ಪ್ರಿಂಗ್, ಪುಟ್ಟ ವಾಷರ್, ಓ ರಿಂಗ್, ಮೂರೂ ಹಿಂದೆಯೇ ಬರಬೇಕು. ಓ ರಿಂಗ್ ಒಳಗೇ ಅಂಟಿಕೊಂಡಿರುತ್ತೆ, ಹುಡುಕಿ. ಆ ತೂತಿನಿಂದ ಕ್ಲೀನರ್ ಸಿಂಪಡಿಸಿದರೆ ಎಂಜಿನ್ ಕಡೆಯ ಬಾಯಲ್ಲಿ, ಸ್ಲೈಡ್ ಹತ್ತಿರದ ಸಣ್ಣ ತೂತುಗಳಿಂದ ಚಿಮ್ಮಬೇಕು. ಚಿಮ್ಮದಿದ್ದರೆ ಕೆಲಸ ಮುಗಿದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ, ಅದು ಯಾವ ಕಡೆಯಿಂದ ಹಾರುತ್ತೆ ಗೊತ್ತಾಗಲ್ಲ.

ಸ್ಕ್ರೂ ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ, ಬಿಚ್ಚಿದಷ್ಟೂ ರಿಚ್, ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕಡೆ ಇದ್ದರೆ ಗಾಳಿ ಸ್ಕ್ರೂ, ಬಿಚ್ಚಿದಷ್ಟೂ ಲೀನ್, ಗಾಳಿ ಜಾಸ್ತಿ. ಇದನ್ನು ತಿರುಗಾಮುರುಗಾ ಮಾಡಿಕೊಂಡು ದಿನವಿಡೀ ಒದ್ದಾಡುವವರಿದ್ದಾರೆ. ಎಕ್ಸ್‌ಆರ್‌ನದು ಪೆಟ್ರೋಲ್ ಸ್ಕ್ರೂ. ಒಂದೂವರೆ ಸುತ್ತಿನಿಂದ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಮೂರು ಸುತ್ತು ದಾಟಿದರೂ ಇನ್ನೂ ಏರುತ್ತಿದ್ದರೆ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಬೇಕು. ಅರ್ಧ ಸುತ್ತಿಗಿಂತ ಕೆಳಗೆ ಬಂದರೆ ಒಂದು ಸೈಜ್ ಸಣ್ಣದು.

ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ ಗಾಳಿ ಎಳೆದುಕೊಳ್ಳುತ್ತೆ, ಐಡಲ್ ಏರಿ ಅಲ್ಲೇ ನಿಂತುಬಿಡುತ್ತೆ, ಥ್ರಾಟಲ್ ಬಿಟ್ಟರೂ ಇಳಿಯಲ್ಲ. ಅದಕ್ಕೆ ಯಾವ ಜೆಟ್ ಬದಲಿಸಿದರೂ ಪ್ರಯೋಜನವಿಲ್ಲ.

ಹಳೇ ಕೈ:
ಏರ್ ಫಿಲ್ಟರ್ ಫೋಮ್ ಪೆಟ್ರೋಲಿನಲ್ಲಿ ತೊಳೆದರೆ ಐದು ನಿಮಿಷದ ಕೆಲಸ. ಅದಕ್ಕೇನೂ ತೊಂದರೆ ಇಲ್ಲ.

ಪೈಲಟ್ ಜೆಟ್:
ಫೋಮಿನ ಎರಡು ಪದರ ಕೂಡಿಸಿರುವ ಅಂಟು ಪೆಟ್ರೋಲಿಗೆ ಬಿಡುತ್ತೆ ಅಣ್ಣಾ, ಬೆಂಕಿಯ ಅಪಾಯ ಬೇರೆ. ಬಿಟ್ಟ ಜಾಗದಿಂದ ಧೂಳು ನೇರ ಒಳಗೆ. ಸೀಮೆಎಣ್ಣೆಯಲ್ಲಿ ಹಿಂಡಿ, ತಿರುಚದೆ, ಒತ್ತಿ ಮಾತ್ರ. ಆಮೇಲೆ ಸೋಪು ನೀರು, ನೆರಳಿನಲ್ಲಿ ಒಣಗಿಸಿ. ಫೋಮ್ ಫಿಲ್ಟರ್ ಆಯಿಲ್ ಹಚ್ಚಿ ಪೂರ್ತಿ ಒಂದೇ ಬಣ್ಣ ಬರುವವರೆಗೆ ಹಿಸುಕಿ. ಕೂರುವ ಅಂಚಿಗೆ ತೆಳುವಾಗಿ ಗ್ರೀಸ್. ಧೂಳಿನ ದಾರಿಯಲ್ಲಿ ಪ್ರತಿ ಸವಾರಿಗೂ ನೋಡಬೇಕಾದ ಒಂದೇ ವಸ್ತು ಇದು.

ಡಿಆರ್ ಸವಾರ:
ಮಧ್ಯೆ ಬಂದಿದ್ದಕ್ಕೆ ಕ್ಷಮೆ. ನನ್ನ 1998ರ ಸುಜುಕಿ ಡಿಆರ್ 650ಎಸ್‌ಇ ಮತ್ತು ಸ್ನೇಹಿತರ ಹಳೇ ಕವಾಸಾಕಿ ಕೆಎಲ್‌ಆರ್ 650, ಇವೆರಡಕ್ಕೂ ಇದೇ ಕ್ರಮ ಸಾಕಾ?

ಟ್ಯಾಪೆಟ್ ಸದ್ದು:
ಕ್ರಮ ಇದೇ, ಆದರೆ ಒಂದೊಂದಕ್ಕೆ ಒಂದೊಂದು ಹುಳುಕಿದೆ.

ಡಿಆರ್ 650ಗೆ ಟ್ಯಾಪೆಟ್ ಇನ್‌ಟೇಕ್ 0.08ರಿಂದ 0.13, ಎಕ್ಸಾಸ್ಟ್ 0.17ರಿಂದ 0.22 ಮಿ.ಮೀ., ಸ್ಕ್ರೂ ತರದ್ದೇ. ಅದರ ಹುಳುಕು ಬಲಗಡೆ ಕ್ಲಚ್ ಬ್ಯಾಸ್ಕೆಟ್ ಹಿಂದೆ ಇರುವ ನ್ಯೂಟ್ರಲ್ ಸ್ವಿಚ್. ಎರಡು ಸ್ಕ್ರೂ ನಡುಕಕ್ಕೆ ಸಡಿಲವಾಗಿ ಎಂಜಿನ್ ಒಳಗೇ ಬೀಳುತ್ತವೆ. ಕ್ಲಚ್ ಬಿಚ್ಚಿದಾಗಲೇ ಸ್ಕ್ರೂಗಳನ್ನು ತೆಗೆದು, ಎಣ್ಣೆ ಒರೆಸಿ, ಥ್ರೆಡ್ ಲಾಕ್ ಹಾಕಿ, ತಲೆಯಲ್ಲಿ ತೂತು ಕೊರೆದು ತಂತಿ ಬಿಗಿದರೆ ಶಾಶ್ವತ.

ಕೆಎಲ್‌ಆರ್ 650 ಮೊದಲ ತಲೆಮಾರು, 1987ರಿಂದ 2007ರವರೆಗಿನದು. ಅದರಲ್ಲಿ ಎಂಜಿನ್ ನಡುಕ ಕಮ್ಮಿ ಮಾಡುವ ಬ್ಯಾಲೆನ್ಸರಿನ ಚೈನ್ ಬಿಗಿಮಾಡುವ ಲಿವರ್ ಬಿರುಕು ಬಿಡುತ್ತೆ, ಇಲ್ಲಾ ಅದರ ಸ್ಪ್ರಿಂಗ್‌ಗೆ ಎಳೆತವೇ ಉಳಿದಿರಲ್ಲ. ಹೊರಗಿನ ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗ್ ತಾನಾಗಿ ಲಿವರ್ ಎಳೆಯಬೇಕು. ಸ್ಪ್ರಿಂಗ್ ಸತ್ತಿದ್ದರೆ ಬೋಲ್ಟ್ ಸಡಿಲಿಸಿದ ಕ್ಷಣ ಚೈನ್ ಇನ್ನೂ ಜೋತುಬೀಳುತ್ತೆ. ಹಾಗಾಗಿ ಒಳಗೆ ಬಿಚ್ಚಿ ನೋಡದ ಗಾಡಿಯಲ್ಲಿ ಆ ಬೋಲ್ಟ್ ಮುಟ್ಟಬೇಡಿ. ಗಟ್ಟಿ ಲಿವರ್, ಸರಿಯಾದ ಸ್ಪ್ರಿಂಗ್ ಹಾಕಿಸಿದ ಮೇಲೆ ಮಾತ್ರ.

ಗ್ರೀಸ್ ಡಬ್ಬಿ:
ಎಲ್ಲರೂ ಎಂಜಿನ್ನೇ ಮಾತಾಡ್ತಿದ್ದೀರಿ. ನಿಂತ ಗಾಡಿಯಲ್ಲಿ ಎಂಜಿನ್ನಿಗಿಂತ ಮೊದಲು ಸಾಯೋದು ಹಿಂದಿನ ಲಿಂಕೇಜ್, ಅಂದರೆ ಶಾಕನ್ನು ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರ ಹಿಡಿದ ತೋಳಿಗೆ) ಕೂಡಿಸುವ ಕೊಂಡಿಗಳು. ಶಾಕ್ ಕೆಳಗೆ, ಕೆಸರು ನೇರ ಬಡಿಯುವ ಜಾಗದಲ್ಲಿ ಸೂಜಿ ಬೇರಿಂಗುಗಳಿವೆ. ಗಾಡಿಯನ್ನು ಎಂಜಿನ್ ಕೆಳಗಿನಿಂದ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಮೆಲ್ಲಗೆ ಮೇಲೆತ್ತಿ. ಶಾಕ್ ಅದುಮುವ ಮುಂಚೆ ಕಟ್ ಅಂತ ಒಂದು ಸಣ್ಣ ಆಟ ಕೈಗೆ ಸಿಕ್ಕರೆ ಲಿಂಕೇಜ್ ಹೋಗಿದೆ. ಪಕ್ಕಕ್ಕೆ ಅಲ್ಲಾಡಿದರೆ ಸ್ವಿಂಗ್‌ಆರ್ಮ್.

ಬಿಚ್ಚುವಾಗ ಸ್ವಿಂಗ್‌ಆರ್ಮಿನ ಉದ್ದ ಬೋಲ್ಟ್ ಬರೋದೇ ಕಷ್ಟ, ಸ್ಟೀಲು ಮತ್ತು ಅಲ್ಯೂಮಿನಿಯಂ ಕಚ್ಚಿಕೊಂಡಿರುತ್ತವೆ. ಪೆನಟ್ರೇಟಿಂಗ್ ಆಯಿಲ್ ಹಾಕಿ ಎರಡು ದಿನ ಬಿಡಿ. ಸುತ್ತಿಗೆಯಲ್ಲಿ ನೇರ ಹೊಡೆದರೆ ತುದಿ ಅಣಬೆ ಆಗುತ್ತೆ. ನಟ್ಟನ್ನು ತುದಿಯ ಮಟ್ಟಕ್ಕೆ ತಿರುಗಿಸಿಟ್ಟು, ಅದರ ಮೇಲೆ ಹಿತ್ತಾಳೆ ತುಂಡು ಇಟ್ಟು ಹೊಡೆಯಿರಿ. ಒಳಗೆ ಬೇರಿಂಗ್ ಕಂದು ಪುಡಿಯಾಗಿದ್ದರೆ ಹೊಸದು. ಸೂಜಿಗಳು ಹೊಳೆಯುತ್ತಿದ್ದರೆ ತೊಳೆದು, ನೀರಿಗೆ ಕೊಚ್ಚಿಹೋಗದ ಗ್ರೀಸನ್ನು ಸೂಜಿಗಳ ನಡುವೆ ಬೆರಳಿನಿಂದ ತುಂಬಿ. ಬೋಲ್ಟಿಗೂ ಹಚ್ಚಿ. ಮುಂದಿನ ಸಲ ಕೈಯಲ್ಲೇ ಬರುತ್ತೆ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ. ನಟ್ಟನಡುವೆ ಒಂದು ಕಡೆ ಕುಳಿಯಲ್ಲಿ ಕೂತ ಹಾಗೆ ನಿಂತರೆ ಸ್ಟೀರಿಂಗ್ ಬೇರಿಂಗ್ ಹೊಸದು ಬೇಕು, ಬಿಗಿದರೆ ಸರಿಹೋಗಲ್ಲ.

ಚೈನ್ ಸಡಿಲ ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಸಾಲದು. ಶಾಕಿನ ಒಂದು ಬೋಲ್ಟ್ ಬಿಚ್ಚಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಹಾಗೆ ಚಕ್ರ ಎತ್ತಿ. ಚೈನ್ ಅತಿ ಬಿಗಿಯಾಗೋದು ಅಲ್ಲಿ. ಅಲ್ಲಿ ಸುಮಾರು 10 ಮಿ.ಮೀ. ಆಟ ಉಳಿಯಬೇಕು. ಉಳಿಯದಿದ್ದರೆ ಪ್ರತಿ ಹಾರಿಕೆಗೂ ಗೇರ್ ಬಾಕ್ಸ್ ಬೇರಿಂಗ್ ಎಳೆಸಿಕೊಳ್ಳುತ್ತೆ.

ಸ್ಪೋಕುಗಳನ್ನು ಸಣ್ಣ ಸ್ಪ್ಯಾನರಿನಿಂದ ತಟ್ಟಿ ಕೇಳಿ. ಟಿಣ್ ಅಂದರೆ ಸರಿ, ಟಪ್ ಅಂದರೆ ಸಡಿಲ. ಸಡಿಲ ಇದ್ದದ್ದನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ಬಿಗಿಯಿರಿ.

ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದು ಇಲ್ಲಿ ಏಳೆಂಟು ವರ್ಷ ಕೂತಿದೆ. ಡಾಟ್ 4 ಹಾಕಿ, ಹೊಸ ಬಣ್ಣ ಬರುವವರೆಗೆ ಹಳೇದನ್ನು ಹೊರಗೆ ಬಿಟ್ಟು ಬ್ಲೀಡ್ ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2315 ಅಂತಿದ್ದರೆ 2015ರ 23ನೇ ವಾರದ್ದು. ಟೈರಿನ ಉಬ್ಬು ಎಷ್ಟೇ ಎತ್ತರ ಉಳಿದಿದ್ದರೂ ರಬ್ಬರ್ ಕಲ್ಲಾಗಿದ್ದರೆ ಒದ್ದೆ ಬಂಡೆಯ ಮೇಲೆ ಸೋಪಿನ ಹಾಗೆ ಜಾರುತ್ತೆ.

ಕೆಸರುಗಾಲಿ:
ಎಲ್ಲಾ ಆಯಿತು. ಗಾಡಿ ಹತ್ತಿಕೊಳ್ತಿದೆ, ಆದರೆ ಒಂದು ಸಲ ನಾಲ್ಕನೇ ಕಿಕ್ಕಿಗೆ, ಒಂದು ಸಲ ನಲವತ್ತಕ್ಕೂ ಇಲ್ಲ. ಬಿದ್ದರೆ ಅಂತೂ ಗತಿಯಿಲ್ಲ. ಇನ್ನೊಂದು, ಆಯಿಲ್ ಪುಸ್ತಕದ ಅಳತೆಗೆ ಹಾಕಿದ್ದೆ, ಬೆಳಗ್ಗೆ ಡಿಪ್‌ಸ್ಟಿಕ್ ಒಣಗಿತ್ತು. ಅರ್ಧ ಲೀಟರ್ ಸೇರಿಸಿದೆ. ಈಗ ಏರ್ ಬಾಕ್ಸ್ ತುಂಬಾ ಆಯಿಲ್.

ಟ್ಯಾಪೆಟ್ ಸದ್ದು:
ಆ ಅರ್ಧ ಲೀಟರ್ ತಕ್ಷಣ ಇಳಿಸಿ. ರಾತ್ರಿ ಆಯಿಲ್ ಕೆಳಗೆ ಇಳಿದಿತ್ತು, ಕಮ್ಮಿಯಾಗಿರಲಿಲ್ಲ. ಜಾಸ್ತಿಯಾದದ್ದನ್ನು ಎಂಜಿನ್ ಉಸಿರಾಟದ ಪೈಪಿನಿಂದ ಏರ್ ಬಾಕ್ಸಿಗೆ ಉಗುಳಿದೆ. ಈ ಗಾಡಿಯಲ್ಲಿ ತಣ್ಣಗಿರುವಾಗ ಅಳತೆ ನೋಡೋದೇ ತಪ್ಪು. ಮೂರರಿಂದ ಐದು ನಿಮಿಷ ಐಡಲ್ ಓಡಿಸಿ, ಆಫ್ ಮಾಡಿ, ಗಾಡಿ ನೆಟ್ಟಗೆ ಹಿಡಿದು, ಕೂಡಲೇ ನೋಡಿ. ಡಿಪ್‌ಸ್ಟಿಕ್ ಒರೆಸಿ ಸುಮ್ಮನೆ ಇಳಿಬಿಡಿ, ತಿರುಪಬೇಡಿ.

ಕಿಕ್ಕಿಗೆ ಬಲ ಬೇಡ, ಜಾಗ ಬೇಕು. ಥ್ರಾಟಲ್ ಮುಟ್ಟಬೇಡಿ. ಕಿಕ್ಕರನ್ನು ಗಟ್ಟಿ ತಡೆಯುವ ಜಾಗದವರೆಗೆ ನಿಧಾನ ಒತ್ತಿ. ಕೈ ಲಿವರ್ ಎಳೆದು ಅದನ್ನು ಒಂದಿಂಚಿನಷ್ಟು ದಾಟಿಸಿ. ಲಿವರ್ ಬಿಡಿ, ಕಿಕ್ಕರ್ ಪೂರ್ತಿ ಮೇಲೆ ಬರಲಿ. ಈಗ ಮೇಲಿನಿಂದ ಕೆಳತನಕ ಒಂದೇ ಸಮನೆ ಉದ್ದದ ತುಳಿತ, ಮಧ್ಯೆ ನಿಲ್ಲಿಸದೆ. ಅರ್ಧಕ್ಕೆ ನಿಲ್ಲಿಸಿದ ಕಿಕ್ಕೇ ವಾಪಸ್ ಒದೆಯೋದು. ಗಟ್ಟಿ ಬೂಟಿಲ್ಲದೆ ತುಳಿಯಲೇಬೇಡಿ. ತಣ್ಣಗಿದ್ದರೆ ಚೋಕ್, ಬಿಸಿ ಇದ್ದರೆ ಚೋಕೂ ಇಲ್ಲ, ಥ್ರಾಟಲೂ ಇಲ್ಲ.

ಬಿದ್ದಾಗ ಪೆಟ್ರೋಲ್ ತುಂಬಿಕೊಳ್ಳುತ್ತೆ. ಲಿವರ್ ಎಳೆದೇ ಇಟ್ಟು, ಥ್ರಾಟಲ್ ಪೂರ್ತಿ ತೆರೆದು, ಇಗ್ನಿಷನ್ ಆಫ್ ಮಾಡಿ ಏಳೆಂಟು ಕಿಕ್. ಒಳಗಿನದು ಊದಿ ಹೋಗುತ್ತೆ. ಆಮೇಲೆ ಥ್ರಾಟಲ್ ಮುಚ್ಚಿ, ಮೇಲಿನ ಕ್ರಮ ಮೊದಲಿನಿಂದ.

ಕಲ್ಲುದಾರಿ:
ಇನ್ನು ಓಡಿಸೋದು. ಮೊದಲು ಹಿಂದಿನ ಸ್ಯಾಗ್, ಅಂದರೆ ಸವಾರ ಕೂತಾಗ ಹಿಂಭಾಗ ಎಷ್ಟು ಇಳಿಯುತ್ತೆ, ಅಳೆಯಿರಿ. ಚಕ್ರ ನೇತಾಡುವಾಗ ಆಕ್ಸಲಿನಿಂದ ಮಡ್‌ಗಾರ್ಡಿನ ಒಂದು ಗುರುತಿಗೆ ಎಷ್ಟು, ಬೂಟು ಹೆಲ್ಮೆಟ್ ಸಹಿತ ಕೂತಾಗ ಎಷ್ಟು. ವ್ಯತ್ಯಾಸ 90ರಿಂದ 100 ಮಿ.ಮೀ. ಇರಲಿ, ಈ ಗಾಡಿಯ ಹಿಂದಿನ ಓಡಾಟ 280 ಮಿ.ಮೀ., ಅದರ ಮೂರನೇ ಒಂದು ಭಾಗ. ಹಾಗೆ ಹೊಂದಿಸಿ, ಸವಾರ ಇಲ್ಲದೆ ಗಾಡಿ ತನ್ನ ಭಾರಕ್ಕೇ 25ರಿಂದ 40 ಇಳಿಯುತ್ತಾ ನೋಡಿ. ಇಳಿಯೋದೇ ಇಲ್ಲ ಅಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು, ಅದನ್ನು ಅತಿಯಾಗಿ ಅದುಮಿ ಕೂರಿಸಿದ್ದೀರಿ.

ಟ್ಯೂಬ್ ಟೈರಿಗೆ ಮಣ್ಣಿನಲ್ಲಿ 12ರಿಂದ 14 ಪಿಎಸ್‌ಐ, ಚೂಪು ಕಲ್ಲಿದ್ದರೆ 16ರಿಂದ 18. ಕಮ್ಮಿ ಗಾಳಿಗೆ ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಇರಲೇಬೇಕು, ಇಲ್ಲದಿದ್ದರೆ ಟೈರ್ ರಿಮ್ಮಿನಲ್ಲಿ ಜಾರಿ ವಾಲ್ವ್ ಕಿತ್ತುಕೊಂಡು ಬರುತ್ತೆ. ವಾಲ್ವ್ ಕಡ್ಡಿ ಓರೆಯಾಗಿ ಕಂಡರೆ ಅದೇ ಮುನ್ಸೂಚನೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮುಚ್ಚಳದ ಹತ್ತಿರ ಬಿಡಿ, ಓರೆಯಾಗೋದು ಬೇಗ ಕಾಣುತ್ತೆ.

ಏರಿನಲ್ಲಿ ಎಂಜಿನ್ ನಿಂತರೆ ಕ್ಲಚ್ ಹಿಡಿಯಬೇಡಿ. ಮುಂದಿನ ಬ್ರೇಕ್ ಒಂದೇ ಹಿಡಿದರೆ ಮುಂದಿನ ಚಕ್ರದ ಮೇಲೆ ಭಾರವಿಲ್ಲದೆ ಗಾಡಿ ಹಿಂದಕ್ಕೆ ಜಾರುತ್ತೆ. ಗೇರಿನಲ್ಲೇ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರ ಹಿಡಿದಿಡುತ್ತೆ. ಏರಿನ ಮೇಲ್ಗಡೆಗೆ ಇಳಿದು, ಕ್ಲಚ್ಚನ್ನು ಎರಡು ಬೆರಳಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು ಹಿಡಿದು, ಹಿಂಭಾಗವನ್ನು ಅಡ್ಡಕ್ಕೆ ತನ್ನಿ. ಅಡ್ಡ ನಿಂತ ಮೇಲೆ ಕೆಳಮುಖ ತಿರುಗಿಸೋದು ಸುಲಭ.

ಡಿಆರ್ ಸವಾರ:
ಹಳ್ಳ ದಾಟುವಾಗ ಗಾಡಿ ಮುಳುಗಿದರೆ?

ಕಲ್ಲುದಾರಿ:
ಓಡುತ್ತಿದ್ದರೆ ಮೊದಲು ಕಿಲ್ ಸ್ವಿಚ್. ಮೇಲೆ ತಂದ ಮೇಲೆ ಒಂದೇ ಒಂದು ಕಿಕ್ಕೂ ಬೇಡ. ನೀರು ಅದುಮಲಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಪ್ಲಗ್ ಬಿಚ್ಚಿ, ಏರ್ ಫಿಲ್ಟರ್ ತೆಗೆದು ಹಿಂಡಿ. ಹಿಂದಿನ ಚಕ್ರದ ಮೇಲೆ ಗಾಡಿ ನೆಟ್ಟಗೆ ನಿಲ್ಲಿಸಿ ಸೈಲೆನ್ಸರಿನ ನೀರು ಸುರಿಸಿ. ಕಾರ್ಬುರೇಟರ್ ಬೌಲ್ ಸ್ಕ್ರೂ ಬಿಚ್ಚಿ ಇಳಿಸಿ, ನೀರು ತಳದಲ್ಲಿ ಗುಳ್ಳೆಯಾಗಿ ಕಾಣುತ್ತೆ. ಪ್ಲಗ್ ಇಲ್ಲದೆ ಕಿಕ್ಕರ್ ಒತ್ತಿ, ತೂತಿನಿಂದ ಹನಿ ನಿಲ್ಲುವವರೆಗೆ. ಆಮೇಲೆ ಡಿಪ್‌ಸ್ಟಿಕ್. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣವಿದ್ದರೆ ಎಂಜಿನ್ ಹತ್ತಿಸದೆ ಎಳೆದುಕೊಂಡು ಬನ್ನಿ, ಎರಡೂ ಡ್ರೈನ್ ಬಿಚ್ಚಿ, ಹೊಸ ಆಯಿಲಿನಲ್ಲಿ ಐದು ನಿಮಿಷ ಓಡಿಸಿ ಮತ್ತೆ ಬದಲಿಸಿ. ಬಣ್ಣ ಸರಿಹೋಗುವವರೆಗೆ, ಎರಡು ಸಲವೋ ಮೂರು ಸಲವೋ.

ಗ್ರೀಸ್ ಡಬ್ಬಿ:
ಮುಳುಗಿದ ಮೇಲೆ ಲಿಂಕೇಜ್, ಚಕ್ರದ ಬೇರಿಂಗ್ ಕೂಡ ಅದೇ ವಾರ ಬಿಚ್ಚಿ ಗ್ರೀಸ್ ಬದಲಿಸಿ.

ಕೆಸರುಗಾಲಿ:
ಆಯಿಲ್ ಇಳಿಸಿದೆ, ಬಿಸಿಯಲ್ಲಿ ಅಳತೆ ಸರಿಯಾಗಿದೆ. ಕಿಕ್ ಎರಡನೆಯದಕ್ಕೆ, ತಪ್ಪಿದರೆ ಮೂರಕ್ಕೆ. ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಅನ್ನೋದು ಒಂದು ಉಳಿದಿದೆ. ಫ್ಯೂಯಲ್ ಸ್ಕ್ರೂ ಎರಡು ಸುತ್ತಿನಲ್ಲಿದೆ.

ಪೈಲಟ್ ಜೆಟ್:
ಸ್ಕ್ರೂ ಮುಟ್ಟುವ ಮುಂಚೆ ಹೆಡ್ಡಿಗೆ ಸೈಲೆನ್ಸರ್ ಪೈಪ್ ಕೂಡುವ ಎರಡು ಜಾಗ ನೋಡಿ. ತಣ್ಣಗಿರುವಾಗ ಹತ್ತಿಸಿ, ಕೂಡಲೇ ಕೈಯನ್ನು ಹತ್ತಿರ ಹಿಡಿದರೆ ಸೋರಿಕೆ ಗಾಳಿಯಾಗಿ ತಾಗುತ್ತೆ, ಸುತ್ತ ಕಪ್ಪು ಮಸಿ ಇರುತ್ತೆ. ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ಬದಿಯ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಸೋರಿಕೆ ಇಲ್ಲದಿದ್ದರೆ ಮಾತ್ರ ಸ್ಕ್ರೂ ಕಾಲು ಸುತ್ತು ಹೊರಗೆ.